ಪವರ್ ಸಪ್ಲೈ ಟ್ರಾನ್ಸಿಸ್ಟರ್‌ನ ನಂಬರ್ ಗೊತ್ತಾಗ್ತಿಲ್ಲ, ಬದಲಿಗೆ ಯಾವುದು ಹಾಕಲಿ?

ಪ್ರಶ್ನೆ: ನನ್ನ ಹ್ಯಾಮ್ ರೇಡಿಯೋದ (ಹವ್ಯಾಸಿ ರೇಡಿಯೋ) 13.8 ವೋಲ್ಟ್, 20 ಆಂಪಿಯರ್ ಲೀನಿಯರ್ ಪವರ್ ಸಪ್ಲೈ ಆನ್ ಮಾಡಿದ ತಕ್ಷಣ ಫ್ಯೂಸ್ ಹಾರುತ್ತದೆ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ಮೇಲೆ ಲೋಹದ ಟೋಪಿಯ ನಾಲ್ಕು ಟ್ರಾನ್ಸಿಸ್ಟರ್‌ಗಳಿವೆ. ಎರಡು ಶಾರ್ಟ್ ಆಗಿವೆ. ಮೇಲಿನ ನಂಬರ್ ಯಾವ ಡೇಟಾಶೀಟ್‌ನಲ್ಲೂ ಸಿಗುತ್ತಿಲ್ಲ. ಏನು ಮಾಡಲಿ?

ಉತ್ತರ: ಸರ್, ಅದು ತಯಾರಕರು ತಮಗಾಗಿ ಹಾಕಿಕೊಂಡ ಒಳ ನಂಬರ್ ಇರಬಹುದು. ನಾಲ್ಕೇ ಅಂಕಿ ಇದ್ದರೆ ತಾರೀಖೂ ಆಗಿರಬಹುದು. 8412 ಎಂದರೆ 1984ರ 12ನೇ ವಾರ. ಸಿ ಅಥವಾ ಡಿ ಅಕ್ಷರದಿಂದ ಶುರುವಾದರೆ ಅದು ಜಪಾನಿ ನಂಬರ್ ಇರಬಹುದು, ಮುಂದೆ 2ಎಸ್ ಸೇರಿಸಿ ಹುಡುಕಿ. ಡಿ1047 ಅಂದರೆ 2ಎಸ್‌ಡಿ1047. ಅಲ್ಲೂ ಸಿಗದಿದ್ದರೆ ನಂಬರ್ ಬಿಟ್ಟುಬಿಡಿ, ಸರ್ಕ್ಯೂಟ್ ಏನು ಕೇಳುತ್ತಿದೆ ನೋಡಿ.

ಚೆನ್ನಾಗಿರುವ ಒಂದನ್ನು ಪೂರ್ತಿ ಬಿಚ್ಚಿ ಅಳೆಯಿರಿ. ಬೋರ್ಡ್‌ನಲ್ಲಿದ್ದಾಗ ನಾಲ್ಕೂ ಪ್ಯಾರಲಲ್, ಒಂದು ಶಾರ್ಟ್ ಆದರೂ ಎಲ್ಲವೂ ಶಾರ್ಟ್ ಅಂತ ತೋರಿಸುತ್ತದೆ. ಮೀಟರ್ ಡಯೋಡ್ ರೇಂಜ್‌ನಲ್ಲಿರಲಿ. ಟ್ರಾನ್ಸಿಸ್ಟರ್‌ಗೆ ಬೇಸ್, ಎಮಿಟರ್, ಕಲೆಕ್ಟರ್ ಅಂತ ಮೂರು ತುದಿ. ಕೆಂಪು ಪ್ರೋಬ್ ಬೇಸ್ ಮೇಲೆ, ಕಪ್ಪು ಮೊದಲು ಎಮಿಟರ್‌ಗೆ, ಆಮೇಲೆ ಲೋಹದ ಕವಚಕ್ಕೆ. ಕವಚವೇ ಕಲೆಕ್ಟರ್. ಎರಡು ಕಡೆಯೂ 0.6 ವೋಲ್ಟ್ ಹತ್ತಿರ ಬಂದರೆ ಎನ್‌ಪಿಎನ್ ಅನ್ನುವ ಜಾತಿ. ಪ್ರೋಬ್ ಹೇಗೆ ತಿರುಗಿಸಿದರೂ ಬೇಸ್-ಎಮಿಟರ್ ಮಧ್ಯೆ ರೆಸಿಸ್ಟೆನ್ಸ್ ಕಂಡರೆ ಡಾರ್ಲಿಂಗ್‌ಟನ್ (ಒಳಗೇ ಎರಡು ಟ್ರಾನ್ಸಿಸ್ಟರ್ ಜೋಡಿಸಿದ, ಪುಟ್ಟ ಬೇಸ್ ಕರೆಂಟ್ ಸಾಕಾಗುವ ಜಾತಿ) ಇರಬಹುದು. ಆಗ ಸಾಮಾನ್ಯ ಟ್ರಾನ್ಸಿಸ್ಟರ್ ಹಾಕಿದರೆ ಡ್ರೈವ್ ಸಾಲುವುದಿಲ್ಲ.

ಈಗ ಲೆಕ್ಕ. 20 ಆಂಪಿಯರ್ ನಾಲ್ಕಕ್ಕೆ ಹಂಚಿದರೆ ತಲಾ 5. ಲೋಡ್‌ನಲ್ಲಿ ಫಿಲ್ಟರ್ ಕೆಪಾಸಿಟರ್ ಮೇಲೆ 22 ವೋಲ್ಟ್ ಇದೆ ಅಂದುಕೊಳ್ಳಿ. ಟ್ರಾನ್ಸಿಸ್ಟರ್ ಮೇಲೆ ಬೀಳುವುದು 8.2 ವೋಲ್ಟ್. ಒಂದೊಂದರಲ್ಲೂ 41 ವ್ಯಾಟ್ ಬಿಸಿ. 2ಎನ್3055 ಟ್ರಾನ್ಸಿಸ್ಟರ್‌ನ ಮಿತಿ 60 ವೋಲ್ಟ್, 15 ಆಂಪಿಯರ್, 115 ವ್ಯಾಟ್. ಆದರೆ ಆ 115 ಕವಚ 25 ಡಿಗ್ರಿ ಇದ್ದಾಗಿನ ಮಾತು. ಬಿಸಿ ಏರಿದಂತೆ ಇಳಿಯುತ್ತದೆ. ಹಾಗಾಗಿ ನನಗೆ ಇಂಥ ಕಡೆ 2ಎನ್3772 ಇಷ್ಟ. 60 ವೋಲ್ಟ್, 20 ಆಂಪಿಯರ್, 150 ವ್ಯಾಟ್.

ಡ್ರೈವರ್, ಅಂದರೆ ಈ ನಾಲ್ಕರ ಬೇಸ್‌ಗೆ ಕರೆಂಟ್ ಕೊಡುವ ಟ್ರಾನ್ಸಿಸ್ಟರ್, ಮರೆಯಬೇಡಿ. ಗೇನ್ (ಬೇಸ್ ಕರೆಂಟ್ ಎಷ್ಟು ಪಟ್ಟು ಆಗುತ್ತದೆ ಅನ್ನುವುದು) 20 ಅಂತ ಹಿಡಿದರೂ ನಾಲ್ಕರ ಬೇಸ್‌ಗೆ ಸೇರಿ 1 ಆಂಪಿಯರ್ ಬೇಕು. ಪಾಸ್ ಟ್ರಾನ್ಸಿಸ್ಟರ್ (ಹೀಟ್‌ಸಿಂಕ್ ಮೇಲಿನ ಈ ನಾಲ್ಕು) ಶಾರ್ಟ್ ಆದಾಗ ಡ್ರೈವರ್‌ಗೂ ಏಟು ಬಿದ್ದಿರುವುದು ಜಾಸ್ತಿ.

ಇನ್ನೊಂದು ಉತ್ತರ: ಮೇಲಿನವರು ಹೇಳಿದ್ದು ಸರಿ. ಆದರೆ ಎರಡನ್ನೇ ಬದಲಿಸಬೇಡಿ, ನಾಲ್ಕನ್ನೂ ಒಂದೇ ಕಂಪನಿಯದು, ಒಂದೇ ಬ್ಯಾಚಿನದು ಹಾಕಿ. ಉಳಿದೆರಡು ಈಗಾಗಲೇ ಪೆಟ್ಟು ತಿಂದಿವೆ, ಅಲ್ವಾ?

ಪ್ರತಿ ಟ್ರಾನ್ಸಿಸ್ಟರ್‌ನ ಎಮಿಟರ್‌ಗೆ ಸೇರಿಸಿದ ಎಮಿಟರ್ ರೆಸಿಸ್ಟರ್‌ಗಳನ್ನೂ ನೋಡಿ. ಕರೆಂಟ್ ಸಮವಾಗಿ ಹಂಚುವುದು ಅವೇ. 0.1 ಓಮ್ ಅನ್ನು ಸಾಮಾನ್ಯ ಮೀಟರ್ ಸರಿಯಾಗಿ ತೋರಿಸುವುದಿಲ್ಲ. ಬೇರೆ ಸಪ್ಲೈನಿಂದ 1 ಆಂಪಿಯರ್ ಹರಿಸಿ, ರೆಸಿಸ್ಟರ್‌ನ ಕಾಲುಗಳ ಮೇಲೇ ಅಳೆಯಿರಿ. 100 ಮಿಲಿವೋಲ್ಟ್ ಬಂದರೆ ಸರಿ. ಒಂದು ಓಪನ್ ಆಗಿದ್ದರೆ ಉಳಿದ ಮೂರರ ಮೇಲೆ ಹೊರೆ ಬಿದ್ದಿರುತ್ತದೆ.

ಕವಚ ಹೀಟ್‌ಸಿಂಕ್‌ಗೆ ತಾಗದಂತೆ ಮಧ್ಯೆ ಇಡುವ ಮೈಕಾ ಹಾಳೆ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ವೈರ್ ಜೋಡಿಸುವ ಮೊದಲು ಕವಚ ಮತ್ತು ಹೀಟ್‌ಸಿಂಕ್ ಮಧ್ಯೆ ಶಾರ್ಟ್ ಇಲ್ಲ ಅಂತ ನೋಡಿಕೊಳ್ಳಿ.

ಮತ್ತೊಂದು: ನಕಲಿ ಟ್ರಾನ್ಸಿಸ್ಟರ್‌ಗಳ ಬಗ್ಗೆ ಹುಷಾರ್. ಹೊರಗೆ ದೊಡ್ಡ ಕವಚ, ಒಳಗೆ ಪುಟ್ಟ ಚಿಪ್. ಮೀಟರ್‌ನಲ್ಲಿ ಚೆನ್ನಾಗೇ ತೋರಿಸುತ್ತವೆ, ಲೋಡ್ ಬಿದ್ದಾಗ ಸಾಯುತ್ತವೆ. ಒಂದನ್ನು ಜಾಸ್ತಿ ತರಿಸಿ, ಟೋಪಿ ಕತ್ತರಿಸಿ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಮೊದಲ ಸಲ ಆನ್ ಮಾಡುವಾಗ ಮೇನ್ಸ್‌ಗೆ ಸೀರೀಸ್‌ನಲ್ಲಿ ಹಳೇ ಕಾಲದ ಫಿಲಮೆಂಟ್ ಬಲ್ಬ್ ಇರಲಿ. ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಉಳಿದಿದೆ. ಬಲ್ಬ್ ತೆಗೆದ ಮೇಲೂ ರೇಡಿಯೋ ಜೋಡಿಸಬೇಡಿ. 55 ವ್ಯಾಟ್‌ನ ಕಾರ್ ಹೆಡ್‌ಲೈಟ್ ಬಲ್ಬ್ ಹಾಕಿ, ಒಂದಕ್ಕೆ 4ರಿಂದ 5 ಆಂಪಿಯರ್ ಎಳೆಯುತ್ತದೆ. ಒಂದೊಂದೇ ಸೇರಿಸುತ್ತಾ ಪ್ರತಿ ಎಮಿಟರ್ ರೆಸಿಸ್ಟರ್ ಮೇಲಿನ ವೋಲ್ಟೇಜ್ ಬರೆದುಕೊಳ್ಳಿ. ನಾಲ್ಕೂ ಹತ್ತಿರಹತ್ತಿರ ಇರಬೇಕು, ಔಟ್‌ಪುಟ್ 13.8ರಿಂದ ಅಲುಗಬಾರದು. ಅಳತೆಗಳನ್ನು ಇಲ್ಲಿ ಹಾಕಿ ಸರ್, ನೋಡಿ ಹೇಳುತ್ತೇವೆ.