ಸೋಲ್ ಟ್ರಿಪ್ಪಿಗೆ ಎಷ್ಟು ಪ್ಯಾಕೆಟ್ ಕಟ್ಟಬೇಕು ಅಂತ ಕೇಳಿದ್ರಲ್ಲ

ಅಕ್ಕಾ, ಇದನ್ನೆಲ್ಲ ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಮಾತಲ್ಲೇ ಹೇಳ್ಬಿಡ್ತೀನಿ, ಸ್ವಲ್ಪ ಉದ್ದ ಆಗತ್ತೆ. ಮಗಳ ಕಾಲೇಜಿಂದ ನವೆಂಬರ್ ಕೊನೇಲಿ 12 ದಿನ ದಕ್ಷಿಣ ಕೊರಿಯಾದ ಸೋಲ್‌ಗೆ ಸ್ಟಡಿ ಟ್ರಿಪ್, ಅದರಲ್ಲಿ ಕಿಮ್ಚಿ, ಅಂದ್ರೆ ಅವರ ಕೋಸಿನ ಉಪ್ಪಿನಕಾಯಿ, ಮಾಡೋ ಕ್ಲಾಸ್ ಇದೆ, ಬೌದ್ಧ ದೇವಸ್ಥಾನದಲ್ಲಿ ಒಂದು ರಾತ್ರಿ ಇದೆ, ಅವಳು ಮೊಟ್ಟೆ ಕೂಡ ತಿನ್ನಲ್ಲ, ಅಷ್ಟೂ ಊಟಕ್ಕೆ ತಿಂಡಿ ಪ್ಯಾಕೆಟ್ ಕಟ್ಟಿ ಕಳಿಸ್ಲಾ ಅಂತ ಕೇಳಿದ್ರಿ. ಬೇಡ. ನಾಲ್ಕು ಪ್ಯಾಕೆಟ್ಟು, ಒಂದು ಡಬ್ಬಿ ಚಟ್ನಿಪುಡಿ ಸಾಕು. ಎಲ್ಲರೂ ಒಂದೇ ಟೇಬಲ್ ಸುತ್ತ ಕೂತು ತಿನ್ನೋ ಊರಿಗೆ ಹೋಗಿ, ಹಾಸ್ಟೆಲ್ ರೂಮಲ್ಲಿ ಒಬ್ಬಳೇ ಉಪ್ಪಿಟ್ಟು ತಿಂದು ಬಂದ್ರೆ ಆ ಟ್ರಿಪ್ ಯಾಕೆ?

ಅಲ್ಲಿ ಮಾಂಸ ಕಣ್ಣಿಗೆ ಕಾಣತ್ತೆ, ಬಿಡೋದು ಸುಲಭ. ಮೋಸ ಹೋಗೋದು ಸಾರಿನ ನೀರಲ್ಲಿ. ಮ್ಯೋಲ್ಚಿ ಅಂತ ಬೆರಳುದ್ದದ ಒಣ ಮೀನು. ಅದನ್ನೂ ದಾಶಿಮಾ ಅನ್ನೋ ಕಡಲಪಾಚಿಯನ್ನೂ ಕುದಿಸಿ ಸೋಸಿದ ನೀರೇ ಅಲ್ಲಿ ಅರ್ಧ ಅಡುಗೆಗೆ ತಳಹದಿ. ಬಟ್ಟಲಲ್ಲಿ ತೋಫು, ಕುಂಬಳಕಾಯಿ, ಅಣಬೆ ಮಾತ್ರ ಕಾಣೋ ದ್ವೆಂಜಾಂಗ್ ಜಿಗೆ ಅನ್ನೋ ಸೋಯಾ ಪೇಸ್ಟಿನ ಸಾರಿಗೂ ಸಾಮಾನ್ಯವಾಗಿ ಆ ನೀರೇ. ರಸ್ತೆ ಬದಿ ಕೆಂಪಗೆ ಕುದೀತಿರೋ ತೊಕ್ಬೊಕ್ಕಿ ಅನ್ನೋ ಖಾರದ ಅಕ್ಕಿ ಕಡುಬಿಗೂ ಅದೇ, ಮೇಲಿಂದ ಮೀನಿನ ಹಿಟ್ಟಿನ ಹಾಳೆ ಬೇರೆ ಹಾಕಿರ್ತಾರೆ. ಅಂಗಡಿಯ ಮಾಮೂಲಿ ಕಿಮ್ಚೀಲಿ ಉಪ್ಪಲ್ಲಿ ಕೊಳೆಸಿದ ಸಣ್ಣ ಸೀಗಡಿ, ಇಲ್ಲಾ ಮೀನಿನ ರಸ ಇದ್ದೇ ಇರತ್ತೆ. ಶಿನ್ ರಾಮ್ಯನ್ ನೂಡಲ್ಸ್ ಪುಡೀಲಿ ದನದ ಮಾಂಸ. ಇಷ್ಟು ಗೊತ್ತಿದ್ರೆ ಮುಕ್ಕಾಲು ಕೆಲಸ ಮುಗೀತು.

ಇನ್ನು ‘ವೆಜಿಟೇರಿಯನ್’ ಅಂತ ಬರೀ ಹೇಳಿದ್ರೆ ಮಾಂಸದ ತುಂಡು ತೆಗೆದು ಅದೇ ಸಾರು ಕೊಡ್ತಾರೆ. ಅವರದ್ದು ತಪ್ಪಲ್ಲ, ಮೀನಿನ ನೀರನ್ನ ಅವರು ಮಾಂಸದ ಲೆಕ್ಕಕ್ಕೆ ಸೇರಿಸೋದೇ ಇಲ್ಲ. ಅದಕ್ಕೆ ಒಂದೊಂದಾಗಿ ಹೆಸರು ಹಿಡಿದು ಹೇಳಬೇಕು: ‘ಗೋಗಿ, ಸೆಂಗ್ಸೊನ್, ಹೆಮುಲ್, ಮ್ಯೋಲ್ಚಿ ಯುಕ್ಸು ಮೊನ್ ಮೊಗೊಯೊ.’ ಮಾಂಸ, ಮೀನು, ಕಡಲ ಜೀವಿ, ಮ್ಯೋಲ್ಚಿ ನೀರು ಯಾವುದನ್ನೂ ತಿನ್ನಲ್ಲ ಅಂತ. ಮೊಟ್ಟೆಗೆ ‘ಗ್ಯೇರನ್ ಪ್ಪೆ ಜುಸೆಯೊ’, ಮೊಟ್ಟೆ ಬಿಟ್ಟು ಕೊಡಿ ಅಂತ. ಬಾಯಲ್ಲಿ ಹೇಳೋದಕ್ಕಿಂತ ಕೊರಿಯನ್ ಲಿಪೀಲಿ ಪ್ರಿಂಟ್ ಮಾಡಿಸಿ ಕಾರ್ಡ್ ತೋರಿಸೋದು ಒಳ್ಳೇದು. ಊಟದ ಹೊತ್ತಿನ ಗಲಾಟೇಲಿ ನಮ್ಮ ಉಚ್ಚಾರಣೆ ಯಾರಿಗೂ ತಿಳಿಯಲ್ಲ.

ತಿನ್ನೋಕೆ ಏನಿದೆ ಅಂದ್ರೆ ಬಿಬಿಂಬಾಪ್, ಅನ್ನದ ಮೇಲೆ ತರಕಾರಿ ಇಟ್ಟು ಕಲಸಿ ತಿನ್ನೋದು, ಮಾಂಸ ಮೊಟ್ಟೆ ಎರಡೂ ಬಿಡಿಸಿ. ಆದ್ರೆ ಅದರ ಕೆಂಪು ಪೇಸ್ಟನ್ನ ಕೆಲವು ಕಡೆ ದನದ ಖೀಮಾ ಹಾಕಿ ಹುರಿದಿರ್ತಾರೆ, ಅದೊಂದು ಕೇಳಲೇಬೇಕು. ಹೋಬಕ್‌ಜುಕ್ ಅಂತ ಸಿಹಿಗುಂಬಳದ ಗಂಜಿ, ಪಾತ್‌ಜುಕ್ ಅಂತ ಕೆಂಪು ಕಾಳಿನ ಗಂಜಿ, ಚಳೀಲಿ ಎರಡೂ ಚೆನ್ನಾಗಿರತ್ತೆ. ಗಮ್ಜಾಜೊನ್ ಅಂದ್ರೆ ಆಲೂಗಡ್ಡೆ ತುರಿದು ಮಾಡೋ ದೋಸೆ. ಬೀದೀಲಿ ಕಂದು ಸಕ್ಕರೆ, ದಾಲ್ಚಿನ್ನಿ, ಬೀಜ ತುಂಬಿದ ಹೊತ್ತೊಕ್ ಅನ್ನೋ ಸಿಹಿ ರೊಟ್ಟಿ. ಗಿಂಬಾಪ್ ನೋಡೋಕೆ ಅನ್ನ ಸೊಪ್ಪಿನ ಸುರುಳಿ, ಒಳಗೆ ಹ್ಯಾಮು, ಮೊಟ್ಟೆ, ಮೀನಿನ ಹಾಳೆ. ಹೆಸರಲ್ಲಿ ತರಕಾರಿ ಅಂತಿದ್ರೂ ನಂಬಬೇಡಿ. ಟೇಬಲ್ ಮೇಲೆ ಕಂದು ನೀರಿಟ್ರೆ ಗಾಬರಿ ಬೇಡ, ಅದು ಬಾರ್ಲಿ ಕಾಯಿಸಿದ ನೀರು.

ಏನೂ ಸಿಗದ ರಾತ್ರಿಗೆ ಸಿಯು ಅಥವಾ ಜಿಎಸ್25 ಅಂಗಡಿ. ಹೆತ್‌ಬಾನ್ ಅಂತ ಬೆಂದ ಅನ್ನದ ಬಟ್ಟಲು ಸಿಗತ್ತೆ, ಮುಚ್ಚಳ ಸ್ವಲ್ಪ ಬಿಚ್ಚಿ ಅಲ್ಲಿನ ಮೈಕ್ರೋವೇವಲ್ಲೇ ಎರಡು ನಿಮಿಷ. ಅನ್ನ ಅಂಟಂಟು, ಸಾರಿಗೆ ಹೊಂದಲ್ಲ, ಮೊಸರನ್ನಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿರತ್ತೆ. ಮೊಸರು ತಗೊಳ್ಳುವಾಗ ಸಕ್ಕರೆ ಇಲ್ಲದ ಪ್ಲೇನ್ ಅಂತ ಕೇಳಬೇಕು, ಇಲ್ದಿದ್ರೆ ವೆನಿಲಾ ಮೊಸರಿಗೆ ಚಟ್ನಿಪುಡಿ ಕಲಸಿ ಅಳಬೇಕಾಗತ್ತೆ. ಹಸಿ ಕರಿಬೇವು, ಹಣ್ಣು, ಬೀಜ ಯಾವುದನ್ನೂ ಬ್ಯಾಗಿಗೆ ಹಾಕ್ಬೇಡಿ, ಏರ್‌ಪೋರ್ಟ್ ಕ್ವಾರಂಟೈನಲ್ಲಿ ಹಿಡೀತಾರೆ. ರೈಸ್ ಕುಕ್ಕರ್ ಕೂಡ ಬೇಡ, ನಮ್ಮ ದಪ್ಪ ಮೂರು ಪಿನ್ನು ಅಲ್ಲಿನ ಸಾಕೆಟ್ಟಿಗೆ ಹೋಗಲ್ಲ. ಫೋನಿನ ಸಣ್ಣ ಎರಡು ಪಿನ್ ಚಾರ್ಜರ್ ಹೋಗತ್ತೆ.

ಕಿಮ್ಚಿ ಕ್ಲಾಸ್ ಬಿಡಿಸ್ಬೇಡಿ, ದಯವಿಟ್ಟು. ನವೆಂಬರ್ ಕೊನೆ ಅಂದ್ರೆ ಕಿಮ್‌ಜಾಂಗ್ ಕಾಲ, ಚಳಿಗಾಲಕ್ಕೆ ಆಗೋಷ್ಟು ಕಿಮ್ಚಿಯನ್ನ ಮನೆಯವರು, ನೆಂಟರು, ಅಕ್ಕಪಕ್ಕದವರು ಕೂತು ಹಾಕಿ ಹಂಚ್ಕೊಳ್ಳೋದು. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದು ಈ ಸೇರಿ ಮಾಡಿ ಹಂಚೋ ಪದ್ಧತಿಯನ್ನ. ಕ್ಲಾಸಿನವರಿಗೆ ಒಂದು ವಾರ ಮುಂಚೆ ಮೇಲ್ ಹಾಕ್ಸಿ, ಇವಳ ಮಸಾಲೆಗೆ ಸೀಗಡಿ, ಮೀನಿನ ರಸದ ಬದಲು ಸಾರಿಗೆ ಹಾಕೋ ಸೋಯಾ ಸಾಸು, ದಾಶಿಮಾ ಮತ್ತೆ ಒಣ ಅಣಬೆ ಕುದಿಸಿದ ನೀರು ಹಾಕಿ ಅಂತ. ಅವತ್ತೇ ಹೋಗಿ ಕೇಳಿದ್ರೆ ಆಗಲ್ಲ, ಮಸಾಲೆ ಮೊದಲೇ ಕಲಸಿಟ್ಟಿರ್ತಾರೆ.

ಕೋಸನ್ನೂ ಉಪ್ಪಲ್ಲಿ ನೆನೆಸಿಯೇ ಇಟ್ಟಿರ್ತಾರೆ, ಹಾಗಾಗಿ ಮುಖ್ಯ ಹಂತವೇ ಮಕ್ಕಳ ಕಣ್ಣಿಗೆ ಬೀಳಲ್ಲ. ಎರಡು ಕೆಜಿಯ ಉದ್ದ ಕೋಸು, ನಾಲ್ಕು ಸೀಳು, ಸುಮಾರು 200 ಗ್ರಾಂ ಕಲ್ಲುಪ್ಪು, ಆರರಿಂದ ಎಂಟು ಗಂಟೆ, ನಡುವೆ ಎರಡು ಮೂರು ಸಲ ಮಗುಚಬೇಕು. ಬಿಳಿ ದಂಟನ್ನ ಬಗ್ಗಿಸಿದ್ರೆ ಲಟಕ್ ಅನ್ನದೆ ಬಾಗಬೇಕು. ಲಟಕ್ ಅಂದ್ರೆ ಉಪ್ಪು ಒಳಗೆ ಇಳಿದಿಲ್ಲ, ಆಮೇಲೆ ನೀರು ಬಿಟ್ಕೊಂಡು ಮಸಾಲೆ ತೆಳ್ಳಗಾಗಿ ಬೇಗ ಕೆಡತ್ತೆ. ಬಾಗಿದ ಮೇಲೆ ಮೂರು ಸಲ ತೊಳೆದು ಒಂದೆರಡು ಗಂಟೆ ಬೋರಲು ಹಾಕಿ ನೀರು ಇಳಿಸ್ಬೇಕು. ಎರಡು ಚಮಚ ಅಂಟಕ್ಕಿ ಹಿಟ್ಟನ್ನ ಎರಡು ಕಪ್ ನೀರಲ್ಲಿ ಗಂಜಿ ಕಾಯಿಸಿ, ಪೂರ್ತಿ ಆರಿಸಿ, ಅದಕ್ಕೆ ಒಂದು ಕಪ್ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಸಣ್ಣಗೆ ಹೆಚ್ಚಿದ ಮೂಲಂಗಿ. ಹಚ್ಚೋದ್ರಲ್ಲೇ ಎಲ್ಲರೂ ಎಡವೋದು: ಮೇಲೆ ಮೇಲೆ ಬಳೀತಾರೆ. ಒಂದೊಂದು ಎಲೆ ಎತ್ತಿ, ದಪ್ಪ ಬಿಳಿ ಭಾಗಕ್ಕೆ ಜಾಸ್ತಿ, ಹಸಿರು ತುದಿಗೆ ಬರೀ ಸೋಕಿದ ಹಾಗೆ. ಕೊನೇಲಿ ಹೊರಗಿನ ಎಲೆಯಿಂದ ಸುತ್ತಿ, ಗಾಳಿ ಉಳಿಯದ ಹಾಗೆ ಒತ್ತಿ, ಡಬ್ಬಿ ಮುಕ್ಕಾಲು ಮಾತ್ರ ತುಂಬಬೇಕು. ಹುಳಿ ಬರುವಾಗ ಗ್ಯಾಸ್ ಆಗತ್ತೆ. ಅದನ್ನ ಸೂಟ್‌ಕೇಸಲ್ಲಿ ತರ್ತೀನಿ ಅಂದ್ರೆ ಬೇಡ ಅನ್ನಿ, ಬಟ್ಟೆಯೆಲ್ಲ ಕೆಂಪಾಗತ್ತೆ, ಕೈಚೀಲದಲ್ಲಂತೂ ಸೆಕ್ಯುರಿಟಿಯವರೇ ಬಿಡಲ್ಲ. ಮನೇಲಿ ಮಾಡೋದಾದ್ರೆ ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು ತರಿತರಿ ಪುಡಿ ಮಾಡಿ. ಬಣ್ಣ ಬರತ್ತೆ, ಖಾರ ಮಿತಿಯಲ್ಲಿರತ್ತೆ. ಗುಂಟೂರು ಹಾಕಿದ್ರೆ ಒಂದು ಕಪ್ ಪುಡಿ ತಿನ್ನೋಕಾಗತ್ತಾ!

ದೇವಸ್ಥಾನದ ರಾತ್ರಿ ಬಗ್ಗೆ ನೀವು ಹೆದರಿದೀರಿ, ಇಡೀ ಟ್ರಿಪ್ಪಲ್ಲಿ ನಿಶ್ಚಿಂತೆಯ ಊಟ ಅಂದ್ರೆ ಅದೇ. ಮಾಂಸ ಮೀನು ಇಲ್ಲ, ಬೆಳ್ಳುಳ್ಳಿ ಈರುಳ್ಳಿ ಜಾತಿಯೂ ಇಲ್ಲ. ನಮ್ಮ ಇಂಗು ಕೂಡ ಅವರ ನಿಷಿದ್ಧ ಪಟ್ಟೀಲಿದೆ, ಅಜ್ಜಿಗೆ ಹೇಳಿ. ಕೆಲವು ಕಡೆ ಒಂದರೊಳಗೊಂದು ಕೂರೋ ನಾಲ್ಕು ಬಟ್ಟಲಲ್ಲಿ ಊಟ: ಅನ್ನ, ಸಾರು, ಪಲ್ಯ, ನೀರು. ಮಾತಾಡೋ ಹಾಗಿಲ್ಲ, ಒಂದು ಅಗುಳೂ ಬಿಡೋ ಹಾಗಿಲ್ಲ. ಕೊನೆಗೆ ಬಟ್ಟಲಿಗೆ ನೀರು ಹಾಕಿ, ಒಂದು ತುಂಡು ಮೂಲಂಗಿ ಉಪ್ಪಿನಕಾಯಿಂದ ಬಟ್ಟಲು ಒರೆಸಿ, ಆ ನೀರನ್ನ ಕುಡೀಬೇಕು. ಹಾಗಾಗಿ ಮೊದಲೇ ಕಮ್ಮಿ ಬಡಿಸ್ಕೊಳ್ಳಲಿ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಎಬ್ಬಿಸ್ತಾರೆ, ದಪ್ಪ ಸಾಕ್ಸ್ ಎರಡು ಜೊತೆ ಹಾಕಿ ಕಳಿಸಿ.

ಊಟದ ರೀತಿ ಇಷ್ಟೇ. ದೊಡ್ಡವರು ಚಮಚ ಎತ್ತೋವರೆಗೂ ಕಾಯೋದು. ಅನ್ನ ಸಾರು ಚಮಚದಲ್ಲಿ, ಪಲ್ಯ ಚಾಪ್‌ಸ್ಟಿಕ್ ಕಡ್ಡೀಲಿ, ಅನ್ನದ ಬಟ್ಟಲು ಟೇಬಲ್ ಮೇಲೇ ಇರಲಿ. ಚಮಚ, ಕಡ್ಡಿ ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸ್ಬಾರ್ದು, ಸತ್ತವರಿಗೆ ಎಡೆ ಇಡುವಾಗ ಹಾಗೆ ಚಮಚ ನೆಡ್ತಾರೆ. ಕೊಡೋದು, ತಗೊಳ್ಳೋದು ಎರಡೂ ಕೈಯಲ್ಲಿ. ಟಿಪ್ಸ್ ಇಲ್ಲ. ಸಣ್ಣ ಪಲ್ಯದ ತಟ್ಟೆಗಳು ಮತ್ತೆ ಕೇಳಿದ್ರೂ ಸಾಮಾನ್ಯವಾಗಿ ದುಡ್ಡಿಲ್ಲ. ಚಮಚ ಕಾಣ್ಲಿಲ್ಲ ಅಂದ್ರೆ ಟೇಬಲ್ ಪಕ್ಕದ ಡ್ರಾಯರ್ ಎಳೀಲಿ.

ಗ್ಯೋಂಗ್‌ಬೊಕ್‌ಗುಂಗ್ ಅರಮನೆಗೆ ಹಾನ್‌ಬೊಕ್ ಅನ್ನೋ ಅವರ ಸಾಂಪ್ರದಾಯಿಕ ಬಟ್ಟೆ ಉಟ್ಟು ಹೋದ್ರೆ ಟಿಕೆಟ್ ಇಲ್ಲ, ಮಂಗಳವಾರ ರಜ. ಬಿಡುವಿದ್ರೆ ಯೋಂಗ್‌ಸಾನಿನ ಯುದ್ಧ ಸ್ಮಾರಕಕ್ಕೂ ಹೋಗಲಿ, ಉಚಿತ, ಸೋಮವಾರ ರಜ. ಕೊರಿಯಾ ಯುದ್ಧದ ಕೈದಿಗಳ ವಿಷಯ ನೋಡ್ಕೊಳ್ಳೋಕೆ 1953ರಲ್ಲಿ ಮಾಡಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರು, ಹೋಗೋ ಮುಂಚೆ ಮಗಳಿಗೆ ಅಷ್ಟು ಗೊತ್ತಿರಲಿ.

ಕಾಲೇಜಿನವರು ಪ್ರೋಗ್ರಾಂ ಶೀಟ್ ಕೊಟ್ಟ ತಕ್ಷಣ ಗ್ರೂಪಿಗೆ ಹಾಕಿ. ಯಾವ ಊಟ ಎಲ್ಲಿ ಅಂತ ನೋಡಿ, ಪ್ಯಾಕೆಟ್ ಯಾವ ದಿನಕ್ಕೆ ಬೇಕು ಅಂತ ಗುರುತು ಹಾಕಿ ಕೊಡ್ತೀನಿ. ಕೊರಿಯನ್ ಕಾರ್ಡಿನ ಫೋಟೋ ಈಗಲೇ ಕಳಿಸ್ತಿದೀನಿ, ಎರಡು ಪ್ರಿಂಟ್ ತೆಗೆಸಿ, ಒಂದು ಅವಳ ಮೇಷ್ಟ್ರ ಕೈಲಿರಲಿ.