ಟಿವಿ ನೋಡಿ ಮಗು ಮಾತು ಕಲಿಯುತ್ತದೆಯೇ? ವಾಕ್ ಮತ್ತು ಶ್ರವಣ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಬದಿಯಡ್ಕದ ತಾಯಿ): ಮಗನಿಗೆ ಎರಡು ವರ್ಷ ಎಂಟು ತಿಂಗಳು. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಮಲಯಾಳ. ಮುಂದೆ ಕನ್ನಡ ಮಾಧ್ಯಮಕ್ಕೆ ಸೇರಿಸುವವರು ನಾವು, ಅದಕ್ಕೇ ದಿನಕ್ಕೆ ಎರಡು ಗಂಟೆ ಕನ್ನಡ ಮಕ್ಕಳ ಕಾರ್ಯಕ್ರಮ ಹಾಕುತ್ತೇವೆ. ಹಾಡುಗಳನ್ನು ಪೂರ್ತಿ ಹೇಳುತ್ತಾನೆ. ಆದರೆ ನೀರು ಬೇಕಾದರೆ ಕೈ ಹಿಡಿದು ಎಳೆಯುತ್ತಾನೆ. ಸಮಯ ಹೆಚ್ಚಿಸಬೇಕೇ?

ಉತ್ತರ: ಬೇಡ, ಇಳಿಸಿ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಾತು ಕಲಿಸುವ ಉದ್ದೇಶಕ್ಕಾದರೆ ಹತ್ತು ಹದಿನೈದು ನಿಮಿಷವೇ ಸಾಕು, ಜೊತೆಯಲ್ಲಿ ದೊಡ್ಡವರೊಬ್ಬರು ಕೂತಿರಬೇಕು ಅಷ್ಟೆ.

ಹಾಡು ಹೇಳುವುದನ್ನು ಮಾತಿನ ಲೆಕ್ಕಕ್ಕೆ ಸೇರಿಸಬೇಡಿ. ಬೇಕಾದ್ದನ್ನು ಕೇಳಲು, ಕಂಡದ್ದನ್ನು ಹೇಳಲು ತಾನಾಗಿ ಬಳಸುವ ಪದಗಳನ್ನು ಒಂದು ವಾರ ಬರೆದಿಡಿ. ತುಳು, ಮಲಯಾಳ, ಕನ್ನಡ ಎಲ್ಲವನ್ನೂ ಒಟ್ಟು ಸೇರಿಸಿ ಎಣಿಸಬೇಕು. ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ತಡವಾದಾಗ ‘ಭಾಷೆ ಜಾಸ್ತಿಯಾಯಿತು’ ಎಂದು ಕಾಯುತ್ತ ಕೂರುವುದೇ ಅಪಾಯ. ಎರಡು ವರ್ಷ ತುಂಬಿದ ಮಗು ‘ನೀರು ಕೊಡು’ ಎಂಬಂತೆ ಎರಡು ಪದ ತಾನೇ ಜೋಡಿಸಬೇಕು. ನಿಮ್ಮ ಮಗ ಯಾವ ಭಾಷೆಯಲ್ಲೂ ಜೋಡಿಸದಿದ್ದರೆ ಈ ತಿಂಗಳೇ ಶ್ರವಣ ಪರೀಕ್ಷೆ ಮಾಡಿಸಿ, ನಂತರ ವಾಕ್ ತಜ್ಞರಿಗೆ ತೋರಿಸಿ. ಕರೆದರೆ ತಿರುಗುತ್ತಾನೆ ಎಂಬುದು ಕಿವಿ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸ್ವಲ್ಪ ಶ್ರವಣದೋಷವಿರುವ ಮಗುವೂ ತಿರುಗುತ್ತದೆ.

ಪ್ರಶ್ನೆ (ಅದೇ ತಾಯಿ): ಜೊತೆಯಲ್ಲಿ ಕೂತು ಏನು ಮಾಡಬೇಕು? ನನಗೆ ಕನ್ನಡಕ್ಕಿಂತ ತುಳುವೇ ಸಲೀಸು.

ಉತ್ತರ: ತುಳುವಿನಲ್ಲೇ ಮಾತಾಡಿ. ಟಿವಿ ಕನ್ನಡದಲ್ಲಿರಲಿ, ಅದರ ಬಗ್ಗೆ ನಿಮ್ಮ ಮಾತು ನಿಮಗೆ ಸರಾಗವಾದ ಭಾಷೆಯಲ್ಲಿರಲಿ. ತಡವರಿಸಿ ಆಡುವ ಎರಡು ವಾಕ್ಯಕ್ಕಿಂತ ಧಾರಾಳವಾಗಿ ಆಡುವ ಇಪ್ಪತ್ತು ವಾಕ್ಯ ಮಗುವಿಗೆ ಬೇಕು.

ಮೊದಲು ನೀವೊಬ್ಬರೇ ನೋಡಿ ಎರಡು ಮೂರು ಪದ ಆರಿಸಿ. ಹೆಸರುಗಳಷ್ಟೇ ಬೇಡ, ಕ್ರಿಯಾಪದವೂ ಇರಲಿ: ಸುಲಿ, ಹೆಕ್ಕು, ಸುರಿ. ಆ ಕೆಲಸ ಪರದೆಯಲ್ಲಿ ಬಂದಾಗ ನಿಲ್ಲಿಸಿ, ‘ಏನು ಮಾಡುತ್ತಿದ್ದಾಳೆ?’ ಎಂದು ಕೇಳಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಎರಡು ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡುತ್ತಾರೆ, ಮಗುವಿಗೆ ಪದ ಹುಡುಕಿ ನಾಲಿಗೆಗೆ ತರಲು ಪುರುಸೊತ್ತೇ ಸಿಗುವುದಿಲ್ಲ. ಮಗು ‘ಬಾಳೆ’ ಎಂದರೆ ‘ಹೌದು, ಬಾಳೆಹಣ್ಣು ಸುಲಿಯುತ್ತಿದ್ದಾಳೆ’ ಎಂದು ಒಂದೆರಡು ಪದ ಸೇರಿಸಿ ಹೇಳಿ. ‘ನನ್ನ ಹಾಗೆ ಹೇಳು’ ಎಂದು ಒತ್ತಾಯಿಸಬೇಡಿ. ಟಿವಿ ಆರಿಸಿದ ಮೇಲೆ ನಿಜವಾದ ಬಾಳೆಹಣ್ಣು ಕೈಗೆ ಕೊಟ್ಟು ಸುಲಿಯಲು ಹೇಳಿ. ಮರುದಿನ ಅಂಗಳದಲ್ಲಿ ಅಡಿಕೆ ಸುಲಿಯುವುದನ್ನು ಕಂಡು ಅದೇ ಪದ ಬಂದರೆ, ಪದ ನಿಜವಾಗಿ ಒಳಗೆ ಇಳಿದಿದೆ.

ಅದೇ ಕಂತನ್ನು ವಾರವಿಡೀ ಹಾಕಿ. ನಿಮಗೆ ಬೇಸರವಾದೀತು, ಮಗುವಿಗಲ್ಲ. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ಬ್ಲೂಸ್ ಕ್ಲೂಸ್’ನ ತಂಡ ಒಂದೇ ಕಂತನ್ನು ವಾರದ ಐದು ದಿನ ಮರುಪ್ರಸಾರ ಮಾಡುತ್ತಿತ್ತು. ಮೂರರಿಂದ ಐದು ವರ್ಷದ ಮಕ್ಕಳು ಪ್ರತಿ ಸಲವೂ ಹೆಚ್ಚು ಅರ್ಥ ಮಾಡಿಕೊಂಡು ಪರದೆಯ ಪ್ರಶ್ನೆಗಳಿಗೆ ಹೆಚ್ಚೆಚ್ಚು ಉತ್ತರಿಸಿದರು.

ಪ್ರಶ್ನೆ (ಕುಂಬಳೆ): ಎಂಟು ತಿಂಗಳ ಮಗುವಿಗೂ ಹೀಗೆ ಮಾಡಬಹುದೇ? ಅಜ್ಜಿಯ ಧಾರಾವಾಹಿ ಹೇಗೂ ಇಡೀ ದಿನ ಓಡುತ್ತಿರುತ್ತದೆ.

ಉತ್ತರ: ಎರಡು ವರ್ಷದ ಒಳಗೆ ಟಿವಿ ಬೇಡ. 2003ರಲ್ಲಿ ಶಿಶುಗಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ 12 ಅವಧಿಗಳಲ್ಲಿ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರು ಕೂತು ಆಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದ ಕಲಿತವು. ಟಿವಿಯಲ್ಲಿ ನೋಡಿದವು ಕಲಿಯಲಿಲ್ಲ. ಶಿಶು ನೋಡಿದ ಕಡೆಗೆ ಟಿವಿಯೊಳಗಿನವರು ನೋಡುವುದಿಲ್ಲ, ಅದರ ತೊದಲಿಗೆ ಓಗೊಡುವುದಿಲ್ಲ.

ಅಜ್ಜಿಯ ಧಾರಾವಾಹಿಯದ್ದು ಇನ್ನೂ ದೊಡ್ಡ ವಿಷಯ. ಕಿವಿಗೆ ಬೀಳುವಂತೆ ಟಿವಿ ಓಡುವ ಪ್ರತಿ ಗಂಟೆಗೆ ಮಗುವಿಗೆ ದೊಡ್ಡವರಿಂದ ಕೇಳಿಸುವ ಪದಗಳು ಸುಮಾರು 770ರಷ್ಟು ಕಡಿಮೆಯಿದ್ದವು ಎಂದು 2009ರ ಒಂದು ಅಧ್ಯಯನ ಕಂಡಿತು. ಅಜ್ಜಿಗೆ ಬೇಕಾದ ಒಂದೆರಡು ಧಾರಾವಾಹಿ ಮಗು ಮಲಗಿದಾಗ ನೋಡಲಿ, ಉಳಿದ ಹೊತ್ತು ಆರಿಸಿಡಿ. ಅಜ್ಜಿಯ ಮಾತೇ ಮಗುವಿಗೆ ಸಿಗುವ ಒಳ್ಳೆಯ ಪಾಠ.

ಪ್ರಶ್ನೆ (ಮಂಜೇಶ್ವರದ ಅಂಗನವಾಡಿ ಕಾರ್ಯಕರ್ತೆ): ಒಳ್ಳೆಯ ಕಾರ್ಯಕ್ರಮವನ್ನು ಗುರುತಿಸುವುದು ಹೇಗೆ? ಇಪ್ಪತ್ತು ಮಕ್ಕಳಿಗೆ ಒಂದೇ ಟಿವಿ ಇದೆ.

ಉತ್ತರ: ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ. ಸಂಗೀತದ ಅಬ್ಬರದಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿಸದಿದ್ದರೆ ಬಿಟ್ಟುಬಿಡಿ. ಆಮೇಲೆ ಶಬ್ದ ನಿಲ್ಲಿಸಿ ನೋಡಿ: ದೃಶ್ಯ ಎರಡು ಮೂರು ಸೆಕೆಂಡಿಗೊಮ್ಮೆ ಹಾರುತ್ತಿದ್ದರೆ ಅದೂ ಬೇಡ. ಹೆಸರು ಹೇಳುವ ಹೊತ್ತಿಗೆ ಆ ವಸ್ತು ಪರದೆಯಲ್ಲಿರಬೇಕು, ಪಾತ್ರ ಪ್ರಶ್ನೆ ಕೇಳಿ ಕಾಯಬೇಕು. ಬೇರೆ ಭಾಷೆಯಿಂದ ಡಬ್ ಆದವುಗಳಲ್ಲಿ ತುಟಿಯೂ ಮಾತೂ ಹೊಂದುವುದಿಲ್ಲ, ಮೂಲದ ವೇಗಕ್ಕೆ ತುರುಕಿದ ವಾಕ್ಯಗಳು ಓಡುತ್ತವೆ. ಚಿಕ್ಕವರಿಗೆ ಕನ್ನಡದಲ್ಲೇ ಮಾಡಿದ ಕಥೆ, ಶಿಶುಗೀತೆ ಮೇಲು. 2020ರಲ್ಲಿ ಕೇರಳ ಸರ್ಕಾರದ ಶೈಕ್ಷಣಿಕ ವಾಹಿನಿ ಕೈಟ್ ವಿಕ್ಟರ್ಸ್‌ನಲ್ಲಿ ಅಂಗನವಾಡಿ ಮಕ್ಕಳಿಗೆಂದು ಶುರುವಾದ ‘ಕಿಳಿಕೊಂಜಲ್’ ಮಲಯಾಳದಲ್ಲಿದೆ. ಅದನ್ನು ತೋರಿಸಿದರೂ ತೊಂದರೆಯಿಲ್ಲ, ನಡುವೆ ನಿಲ್ಲಿಸಿ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿಸಿ.

ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಚುರುಕಿನ ನಾಲ್ವರೇ ಉತ್ತರಿಸುತ್ತಾರೆ, ಉಳಿದವರು ಸುಮ್ಮನೆ ನೋಡುತ್ತಾರೆ. ಆರೇಳು ಮಕ್ಕಳ ಗುಂಪು ಮಾಡಿ, ಏಳೆಂಟು ನಿಮಿಷದ ತುಣುಕನ್ನು ಜಾಹೀರಾತು ನುಗ್ಗದಂತೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಳ್ಳಿ. ಮೂರು ಕಡೆ ನಿಲ್ಲಿಸಿ, ಪ್ರತಿ ಸಲ ಮಾತು ಕಡಿಮೆಯಿರುವ ಮಗುವನ್ನೇ ಮೊದಲು ಕೇಳಿ. ಬೆರಳು ತೋರಿಸಿದರೂ ಅದು ಉತ್ತರವೇ, ಅದಕ್ಕೆ ನೀವು ಪದ ಜೋಡಿಸಿ ಕೊಡಿ. ಉಳಿದ ಗುಂಪುಗಳಿಗೆ ಆ ಹೊತ್ತಿಗೆ ಸಹಾಯಕಿ ತುಣುಕಿನಲ್ಲಿ ಬರುವ ವಸ್ತುಗಳನ್ನೇ ಆಟಕ್ಕೆ ಕೊಡಲಿ.