‘ಸಹಭಾಗಿತ್ವ’: ಭಾಗ ಹೊರುವುದೋ, ಪಾಲು ಪಡೆಯುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ. ಕೆರೆಯ ಹೂಳೆತ್ತಿ, ಏರಿ ಮತ್ತು ತೂಬು ದುರಸ್ತಿ ಮಾಡುವ ಒಂದು ಯೋಜನೆಗೆ ಕನ್ನಡದಲ್ಲಿ ಕೈಪಿಡಿ ಸಿದ್ಧಮಾಡುತ್ತಿದ್ದೇನೆ. ದುಡ್ಡು ಹೊರದೇಶದ್ದು, ಕೆಲಸ ಪಾವಗಡ ಕಡೆಯ ಕೆಲವು ಊರುಗಳಲ್ಲಿ. ಮೂಲ ಇಂಗ್ಲಿಷಿನಲ್ಲಿದೆ. ಅದರ ಮೊದಲ ಪುಟದಲ್ಲೇ, ಒಂದೇ ವಾಕ್ಯದಲ್ಲಿ, ‘ಪಾರ್ಟ್‌ನರ್‌ಶಿಪ್’ ಮತ್ತು ‘ಪಾರ್ಟಿಸಿಪೇಶನ್’ ಎರಡೂ ಬಂದಿವೆ. ಮೊದಲನೆಯದು ದುಡ್ಡು ಕೊಡುವ ಸಂಸ್ಥೆಗೂ ಪಂಚಾಯಿತಿಗೂ ಆಗುವ ಒಪ್ಪಂದ. ಎರಡನೆಯದು ಊರಿನ ಜನ, ಅದರಲ್ಲೂ ಜಮೀನಿಲ್ಲದವರು, ಕೆರೆಯ ವಿಷಯದಲ್ಲಿ ತಾವೂ ತೀರ್ಮಾನ ಮಾಡುವುದು. ಎರಡೂ ಬೇರೆ ಬೇರೆ ಮಾತು. ಆದರೆ ಕನ್ನಡ ಮಾಡಲು ಕೂತರೆ ಎರಡಕ್ಕೂ ಕೈಗೆ ಸಿಗುವುದು ಒಂದೇ ಪದ, ಸಹಭಾಗಿತ್ವ.

ಪತ್ರಿಕೆ ನೋಡಿ. ‘ಸರ್ಕಾರಿ–ಖಾಸಗಿ ಸಹಭಾಗಿತ್ವದಲ್ಲಿ ರಸ್ತೆ’ ಅಂದರೆ ಸರ್ಕಾರಕ್ಕೂ ಕಂಪನಿಗೂ ಇರುವ ಪಾಲುದಾರಿಕೆ. ‘ಜನರ ಸಹಭಾಗಿತ್ವದಲ್ಲಿ ಸ್ವಚ್ಛತೆ’ ಅಂದರೆ ಜನ ಪೊರಕೆ ಹಿಡಿದು ಬಂದರು ಅಂತ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಇದೇ ತೊಡಕು. 17ನೇ ಗುರಿ ದೇಶಗಳ, ಸಂಸ್ಥೆಗಳ ನಡುವಿನ ಪಾಲುದಾರಿಕೆಯದು. 6ನೇ ಗುರಿ ನೀರಿನದು, ಅದರ ಕೊನೆಯ ಅಂಶ ನೀರಿನ ನಿರ್ವಹಣೆಯಲ್ಲಿ ಸ್ಥಳೀಯ ಜನ ಇರಬೇಕು ಅನ್ನುತ್ತದೆ. ಎರಡಕ್ಕೂ ಸಹಭಾಗಿತ್ವ ಎಂದೇ ಬರೆದಿರುವುದನ್ನು ನೋಡಿದ್ದೇನೆ. ಓದುವವರಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಪುಸ್ತಕದಲ್ಲಿ ಗೊಂದಲ ಇದ್ದರೆ ಹೇಗೋ ಸರಿಮಾಡಬಹುದು. ನನ್ನನ್ನು ಕಾಡುತ್ತಿರುವುದು ಬೇರೆ. ಕಳೆದ ತಿಂಗಳು ಕರಡು ಓದಿ ಹೇಳಲು ಒಂದು ಊರಿಗೆ ಹೋಗಿದ್ದೆ. ಶಾಲೆಯ ಅಂಗಳದಲ್ಲಿ ಹೆಂಗಸರು ರಂಗೋಲಿ ಪುಡಿಯಲ್ಲಿ ಕೆರೆಯ ನಕ್ಷೆ ಬರೆದಿದ್ದರು. ಏರಿ, ಎರಡು ತೂಬು, ಕೋಡಿ, ಕೆಳಗೆ ಅಚ್ಚುಕಟ್ಟು, ಆಚೆ ದನ ನೀರಿಗಿಳಿಯುವ ಜಾಗ, ಬಟ್ಟೆ ಒಗೆಯುವ ಕಲ್ಲು. ತುಂಬ ಚೆನ್ನಾಗಿತ್ತು. ಅದರ ಪಕ್ಕದಲ್ಲಿ ನಿಂತು ನಾನು, ‘ಈ ಯೋಜನೆಯಲ್ಲಿ ನಿಮ್ಮೆಲ್ಲರ ಸಹಭಾಗಿತ್ವ ಬಹಳ ಮುಖ್ಯ’ ಎಂದು ಓದಿದೆ. ಕೂಲಿ ಮಾಡಿ ಬದುಕುವ ಒಬ್ಬ ಅಜ್ಜಿ ಪಕ್ಕದವರನ್ನು ಮೆಲ್ಲಗೆ ಕೇಳಿದರು, ‘ಮನೆಗೆ ಎಷ್ಟು ಕಟ್ಬೇಕಂತೆ?’

ಅವರ ಕಿವಿಗೆ ಸಹಭಾಗಿತ್ವ ಅಂದರೆ ವಂತಿಗೆ. ಯೋಜನೆಯವರು ಆ ಪದ ಹೇಳಿದಾಗಲೆಲ್ಲ ಹಿಂದೆಯೇ ವಂತಿಗೆಯ ಮಾತು ಬಂದಿದೆ, ಇಲ್ಲವೇ ಶ್ರಮದಾನದ ಮಾತು ಬಂದಿದೆ. ಹಾಗಾಗಿ ಅಜ್ಜಿ ತಪ್ಪು ತಿಳಿದುಕೊಂಡರು ಅಂತ ನಾನು ಹೇಳಲಾರೆ. ಅವರು ಕಂಡ ಬಳಕೆಯಲ್ಲಿ ಅದೇ ಅರ್ಥ. ‘ಹಾಗಲ್ಲ ಅಜ್ಜಿ, ಕೆರೆ ವಿಷಯದಲ್ಲಿ ಏನು ಮಾಡಬೇಕು ಅಂತ ನಿಮ್ಮನ್ನೂ ಸೇರಿಸಿಕೊಂಡು ತೀರ್ಮಾನ ಮಾಡೋದು’ ಅಂದೆ. ‘ಹಂಗನ್ನಿ ಮತ್ತೆ. ನಮ್ಮನ್ನೂ ಕೇಳ್ಬೇಕು, ನಮ್ಮ ಮಾತೂ ನಡೀಬೇಕು’ ಅಂದರು. ನಾನು ಎರಡು ವಾರ ಹುಡುಕಿದ ಅರ್ಥವನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು. ಆದರೆ ‘ಮಾತು ನಡೆಯುವುದು’ ಎಂಬುದನ್ನು ಅಧ್ಯಾಯದ ತಲೆಬರಹ ಮಾಡುವುದು ಹೇಗೆ ಅಂತ ಇನ್ನೂ ಹೊಳೆದಿಲ್ಲ.

ಮನೆಗೆ ಬಂದು ನಮ್ಮಲ್ಲಿರುವ ಪದಗಳನ್ನೇ ಬಿಡಿಸಿ ನೋಡಿದೆ. ‘ಭಾಗವಹಿಸು’ ಅಂದರೆ ಭಾಗವನ್ನು ವಹಿಸುವುದು. ವಹಿಸು ಅಂದರೆ ಹೊರುವುದು: ಹೊಣೆ ವಹಿಸು, ಜವಾಬ್ದಾರಿ ವಹಿಸು. ‘ಪಾಲ್ಗೊಳ್ಳು’ ಅಂದರೆ ಪಾಲನ್ನು ಕೊಳ್ಳುವುದು. ಕೊಳ್ಳು ಬಂದ ಕಡೆ ಕೆಲಸ ಮಾಡಿದವರಿಗೇ ಅದರ ಫಲ ಸೇರುತ್ತದೆ: ಬರೆದುಕೊ, ಉಳಿಸಿಕೊ, ಕಟ್ಟಿಕೊ. ಹಾಗೆ ನೋಡಿದರೆ ಒಂದರಲ್ಲಿ ಭಾರ ಹೊರುವುದಿದೆ, ಇನ್ನೊಂದರಲ್ಲಿ ತನ್ನ ಪಾಲು ತೆಗೆದುಕೊಳ್ಳುವುದಿದೆ. ನಿಘಂಟಿನಲ್ಲಿ ಎರಡನ್ನೂ ಒಂದೇ ಎಂಬಂತೆ ಕೊಡುತ್ತೇವೆ. ಒಂದೇನಾ?

ಇಲ್ಲಿ ಒಂದು ಸಣ್ಣ ಸಂಗತಿ, ವಿಷಯಕ್ಕೆ ನೇರ ಸಂಬಂಧ ಇಲ್ಲದಿದ್ದರೂ ಹೇಳಬೇಕು ಅನ್ನಿಸುತ್ತಿದೆ. ಹಳಗನ್ನಡದಲ್ಲಿ ಕುಡಿಯುವ ಹಾಲೂ ‘ಪಾಲ್’, ಹಂಚಿಕೊಳ್ಳುವ ಪಾಲೂ ‘ಪಾಲ್’. ಕುಡಿಯುವುದು ಹಾಲಾಯಿತು. ಪಾಲು ಮಾತ್ರ ಪಕಾರ ಬಿಡದೆ ಹಾಗೇ ಉಳಿಯಿತು. ಕಾರಣ ತಿಳಿದವರು ಬರೆದರೆ ತುಂಬ ಸಂತೋಷ.

ಭಾಗ ಹೊರುವುದಕ್ಕೂ ಪಾಲು ಪಡೆಯುವುದಕ್ಕೂ ಇರುವ ವ್ಯತ್ಯಾಸ ಸುಮ್ನೆ ಪದದ ಆಟ ಅಲ್ಲ. ಶೆರ್ರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ಮಹಿಳೆ 1969ರಲ್ಲಿ ಇದೇ ವಿಷಯದ ಮೇಲೆ ಒಂದು ಲೇಖನ ಬರೆದರು. ಜನರನ್ನು ಸೇರಿಸಿಕೊಂಡೆವು ಎಂದು ಆಡಳಿತದವರು ಹೇಳಿದಾಗ ನಿಜಕ್ಕೂ ಎಷ್ಟು ಅಧಿಕಾರ ಜನರ ಕೈಗೆ ಬಂತು ಅಂತ ಅಳೆಯಲು ಎಂಟು ಮೆಟ್ಟಿಲಿನ ಏಣಿ ಹಾಕಿಕೊಟ್ಟರು. ಕೆಳಗಿನ ಮೆಟ್ಟಿಲಿನಲ್ಲಿ ಜನರನ್ನು ಒಪ್ಪಿಸಿ ಸಹಿ ಹಾಕಿಸಿಕೊಳ್ಳುವುದಷ್ಟೇ ಇದೆ. ಮಧ್ಯದಲ್ಲಿ ತಿಳಿಸುವುದು, ಅಭಿಪ್ರಾಯ ಕೇಳುವುದು. ಮೇಲಿನ ಮೆಟ್ಟಿಲಿನಲ್ಲಿ ಜನರೇ ನಡೆಸುವುದು. ಆ ಲೇಖನದಲ್ಲಿ 1968ರಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳು ಬರೆದ ಒಂದು ಭಿತ್ತಿಪತ್ರ ಇದೆ. ಶಾಲೆಯಲ್ಲಿ ಕ್ರಿಯಾಪದ ಉರು ಹೊಡೆಸುವ ರೀತಿಯಲ್ಲಿದೆ ಅದು. ಕನ್ನಡದಲ್ಲಿ ಹೀಗಾಗುತ್ತದೆ: ನಾನು ಭಾಗವಹಿಸುತ್ತೇನೆ, ನೀನು ಭಾಗವಹಿಸುತ್ತೀಯ, ಅವನು ಭಾಗವಹಿಸುತ್ತಾನೆ, ನಾವು ಭಾಗವಹಿಸುತ್ತೇವೆ, ನೀವು ಭಾಗವಹಿಸುತ್ತೀರಿ, ಅವರು ಲಾಭ ಪಡೆಯುತ್ತಾರೆ.

ಇದನ್ನೇ ‘ಪಾಲ್ಗೊಳ್ಳು’ ಹಾಕಿ ಹೇಳಿ ನೋಡಿ. ನಾನು ಪಾಲ್ಗೊಂಡೆ ಅಂದ ಮೇಲೆ ನನಗೂ ಪಾಲು ಸಿಕ್ಕಿರಬೇಕು. ಕೊನೆಯ ಸಾಲು ಹೊಂದುವುದೇ ಇಲ್ಲ. ಇಷ್ಟು ಒಳ್ಳೆಯ ಪದ ನಮ್ಮಲ್ಲಿದೆ ಅಂತ ನನಗೆ ಖುಷಿಯಾಯಿತು. ಆದರೆ ಇವತ್ತಿನ ಬಳಕೆ ಏನಾಗಿದೆ ನೋಡಿ, ‘ಸಮಾರಂಭದಲ್ಲಿ ಗಣ್ಯರು ಪಾಲ್ಗೊಂಡಿದ್ದರು’. ಬಂದು ಕೂತಿದ್ದರು ಅಂತ ಅಷ್ಟೇ. ಪಾಲು ಸವೆದುಹೋಗಿದೆ.

ಈಗ ಕೆರೆಗೆ ವಾಪಸ್ ಬರುತ್ತೇನೆ. ನಮ್ಮಲ್ಲಿ ಇಂಥ ದೊಡ್ಡ ಕೆಲಸ ಮೊದಲೂ ನಡೆದಿದೆ. ವಿಶ್ವ ಬ್ಯಾಂಕಿನ ನೆರವಿನಿಂದ 2002ರಲ್ಲಿ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಶುರುವಾಯಿತು. ನಡೆಸಿದ್ದು ಜಲ ಸಂವರ್ಧನೆ ಯೋಜನಾ ಸಂಘ. ಆಗ ಊರೂರಲ್ಲಿ ಹುಟ್ಟಿದ್ದು ‘ಕೆರೆ ಬಳಕೆದಾರರ ಸಂಘ’. ಈ ಹೆಸರು ನನಗೆ ತುಂಬ ಇಷ್ಟ. ಮೊದಲು ಕೆರೆಯ ಮಾತು ಬಂದರೆ ಲೆಕ್ಕಕ್ಕೆ ಬರುತ್ತಿದ್ದವರು ಅಚ್ಚುಕಟ್ಟುದಾರರು, ಅಂದರೆ ಕೆರೆಯ ಕೆಳಗೆ ಗದ್ದೆ ಇರುವವರು. ಬಳಕೆದಾರ ಅಂದ ತಕ್ಷಣ ಮೀನು ಹಿಡಿಯುವವರು, ಮಡಿವಾಳರು, ಕುರಿ ದನ ಮೇಯಿಸುವವರು, ಮಡಕೆಗೆ ಮಣ್ಣು ತೆಗೆಯುವವರು, ನೀರು ಹೊರುವ ಹೆಂಗಸರು ಎಲ್ಲರೂ ಒಳಗೆ ಬರುತ್ತಾರೆ. ಒಂದು ಪದ ಬದಲಾಗಿದ್ದಕ್ಕೆ ಯಾರು ಸಭೆಗೆ ಬರಬಹುದು ಅನ್ನೋದೇ ಬದಲಾಯಿತು. ಪದವನ್ನು ಎಚ್ಚರದಿಂದ ಆರಿಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ‘ಫಲಾನುಭವಿ’ ಅಂದರೆ ಆ ಜನ ಕೈಯೊಡ್ಡಿ ನಿಂತವರಾಗಿ ಕಾಣುತ್ತಾರೆ. ಬಳಕೆದಾರ ಅಂದರೆ ಹಕ್ಕಿನ ಸದ್ದು ಬರುತ್ತದೆ.

ಇನ್ನೂ ಹಿಂದೆ ಹೋದರೆ ನೀರುಗಂಟಿ ಸಿಗುತ್ತಾನೆ. ತೂಬು ಎತ್ತುವುದು, ಇಳಿಸುವುದು, ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವುದು ಅವನ ಕೆಲಸ. ಕೋಲಾರ, ತುಮಕೂರು ಕಡೆ ಬಹಳ ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳದ್ದು. ಸುಗ್ಗಿಯಲ್ಲಿ ಅವನಿಗೆ ಸಿಗುತ್ತಿದ್ದ ಧಾನ್ಯಕ್ಕೆ ‘ಆಯ’ ಅನ್ನುತ್ತಾರೆ. ಹಳೆಯ ಮೈಸೂರಿನ ಹನ್ನೆರಡು ಆಯಗಾರರಲ್ಲಿ, ಅಂದರೆ ಆಯ ಪಡೆದು ಊರಿನ ಕೆಲಸ ಮಾಡುತ್ತಿದ್ದವರಲ್ಲಿ, ನೀರುಗಂಟಿಯೂ ಒಬ್ಬ. ಕೆರೆ ಅರ್ಧ ತುಂಬಿದ ವರ್ಷ ‘ದಾಮಾಶಾ’ ಮಾಡುತ್ತಿದ್ದರು. ಇದ್ದ ನೀರಿಗೆ ತಕ್ಕಂತೆ ಎಲ್ಲರೂ ನಾಟಿ ಮಾಡುವ ನೆಲವನ್ನು ಅವರವರ ಹಿಡುವಳಿಯ ಲೆಕ್ಕದಲ್ಲಿ ಕಮ್ಮಿ ಮಾಡಿಕೊಳ್ಳುವುದು. ಕೈಪಿಡಿಯ ಮೂಲದಲ್ಲಿ ಇದನ್ನು ವಿವರಿಸಲು ಅರ್ಧ ಪುಟ ತೆಗೆದುಕೊಂಡಿದ್ದಾರೆ. ನಮ್ಮವರಿಗೆ ಒಂದೇ ಪದ ಸಾಕಿತ್ತು.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ನೀರುಗಂಟಿಗೆ ಆಯ ಇತ್ತು, ಊರಿನ ಕಟ್ಟೆಯ ಮೇಲೆ ಸರಿಸಮ ಕೂರುವ ಜಾಗ ಇರಲಿಲ್ಲ. ದಾಮಾಶಾ ಕೂಡ ನೆಲ ಇದ್ದವರ ನಡುವಿನ ನ್ಯಾಯ. ಫಲದಲ್ಲಿ ಪಾಲು, ತೀರ್ಮಾನದಲ್ಲಿ ಇಲ್ಲ. ಕೈಪಿಡಿ ಹೇಳಬೇಕಾಗಿರುವುದು ಆ ಎರಡನೇ ಪಾಲಿನ ಬಗ್ಗೆ.

ಇನ್ನೆರಡು ಪದಗಳು, ಬೇಗ ಹೇಳಿ ಮುಗಿಸುತ್ತೇನೆ. ‘ಸುಸ್ಥಿರ’ ಈಗ ಊರಿಕೊಂಡಿದೆ, ನನಗೆ ತಕರಾರಿಲ್ಲ. ಆದರೆ ಓದಿ ಹೇಳುವಾಗ ‘ಬಾಳಿಕೆ ಬರುವ’ ಅಂದರೆ ಎಲ್ಲರಿಗೂ ಥಟ್ಟನೆ ಹತ್ತುತ್ತದೆ. ‘ಅಂಚಿನ ಸಮುದಾಯ’ ಮಾತ್ರ ಹಿಡಿಸುತ್ತಿಲ್ಲ. ಅಂಚು ಅಂದರೆ ಅವರು ತಾವಾಗಿಯೇ ಅಲ್ಲಿ ಇದ್ದಾರೆ ಅನ್ನಿಸುತ್ತದೆ. ಅಲ್ಲಿಗೆ ದೂಡಿದವರು ಯಾರು ಅನ್ನೋದು ಆ ಪದದಲ್ಲಿ ಇಲ್ಲ. ಕಾಲುವೆ ಕಡೆಯ ಜನರಿಗೆ ‘ಕೊನೆ ಭಾಗದ ರೈತರು’ ಅಂದರೆ ಗೊತ್ತು. ಮೇಲಿನವರು ನೀರು ಹಿಡಿದುಕೊಂಡಿದ್ದರಿಂದ ಕೆಳಗಿನವರಿಗೆ ಮುಟ್ಟಲಿಲ್ಲ ಎಂಬ ಕಾರಣವೂ ಆ ಮಾತಿನ ಜೊತೆಗೇ ಬರುತ್ತದೆ. ಇದನ್ನು ನೀರಿನ ಆಚೆಗೂ ಬೆಳೆಸಬಹುದೇ?

ಸದ್ಯಕ್ಕೆ ನಾನು ಮಾಡಿಕೊಂಡಿರುವುದು ಹೀಗೆ. ಸಂಸ್ಥೆಗಳ ನಡುವಿನದಕ್ಕೆ ‘ಪಾಲುದಾರಿಕೆ’. ಜನರ ವಿಷಯ ಬಂದ ಕಡೆ ‘ತೀರ್ಮಾನದಲ್ಲಿ ಪಾಲು’. ದುಡ್ಡು ಅಥವಾ ದುಡಿಮೆ ಕೇಳುವ ಕಡೆ ಮುಚ್ಚುಮರೆ ಇಲ್ಲದೆ ‘ವಂತಿಗೆ’, ‘ಶ್ರಮದಾನ’. ಸಹಭಾಗಿತ್ವ ಎಂಬ ಪದವನ್ನು ಇಡೀ ಕೈಪಿಡಿಯಿಂದ ತೆಗೆದಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವವರು ಇದನ್ನು ಒಪ್ಪುತ್ತಿಲ್ಲ. ಅದು ಇಲಾಖೆಯ ಪದ, ಆದೇಶಗಳಲ್ಲೆಲ್ಲ ಇರುವುದು ಅದೇ, ಊರಿನವರು ನಾಳೆ ಕಚೇರಿಗೆ ಹೋದಾಗ ಆ ಪದ ಗೊತ್ತಿಲ್ಲದಿದ್ದರೆ ಅವರಿಗೇ ತೊಂದರೆ ಅಂತ ಅವರ ವಾದ. ಅದರಲ್ಲೂ ಹುರುಳಿದೆ.

ಮಲೆನಾಡಿನವರನ್ನು, ಅದರಲ್ಲೂ ಶಿರಸಿ, ಸಿದ್ದಾಪುರ ಕಡೆಯವರನ್ನು ಮುಖ್ಯವಾಗಿ ಕೇಳಬೇಕು. ಬ್ರಿಟನ್ನಿನ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ನಿಮ್ಮ ಕಡೆ 1990ರ ದಶಕದಲ್ಲಿ ನಡೆಯಿತು. 1993ರ ಸರ್ಕಾರಿ ಆದೇಶದ ನಂತರ ಗ್ರಾಮ ಅರಣ್ಯ ಸಮಿತಿಗಳೂ ಬಂದವು. ಅಲ್ಲಿ ‘ಜಂಟಿ’ ಎಂಬ ಪದ ಓಡಾಡುತ್ತಿತ್ತು, ಜಂಟಿ ಅರಣ್ಯ ಯೋಜನೆ. ಸಮಿತಿಯ ಸಭೆಗೆ ಹೋಗುವುದಕ್ಕೆ ಅಥವಾ ಸಭೆಯಲ್ಲಿ ತಮ್ಮ ಮಾತು ನಡೆಯುವುದಕ್ಕೆ ನಿಮ್ಮಲ್ಲಿ ಜನ ಏನನ್ನುತ್ತಿದ್ದರು? ಸೊಪ್ಪಿನ ಬೆಟ್ಟದ, ಅಂದರೆ ಅಡಕೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಹಂಚಿಕೆಯಲ್ಲಿ ಬಳಸುವ ಹಳೆಯ ಪದ ಏನಾದರೂ ಇದೆಯೇ? ಕಲಬುರಗಿ, ಬೀದರ್ ಕಡೆಯವರು ಜಲಾನಯನ ಸಂಘಗಳಲ್ಲಿ ಕೇಳಿದ ಪದಗಳನ್ನೂ ದಯವಿಟ್ಟು ಬರೆಯಿರಿ.

ದಾಮಾಶಾ ಬಗ್ಗೆಯೂ ಒಂದು ಪ್ರಶ್ನೆ. ನನಗೆ ಪಾವಗಡದಲ್ಲಿ ಕೇಳಿಸಿದ್ದು ‘ದಾಮಾಸ’. ಬರಹದಲ್ಲಿ ದಾಮಾಶಾ, ದಾಮಾಷಾ ಎರಡೂ ಕಂಡಿವೆ. ನಿಮ್ಮ ಊರಿನ ಹಿರಿಯರ ಬಾಯಲ್ಲಿ ಅದು ಹೇಗಿದೆ? ಕೈಪಿಡಿ ಅಚ್ಚಿಗೆ ಹೋಗುವುದು ಯುಗಾದಿ ಕಳೆದ ಮೇಲೆ, ಅಷ್ಟರೊಳಗೆ ತಿಳಿಸಿದರೆ ಅದೇ ರೂಪ ಹಾಕುತ್ತೇನೆ.